ವಿದ್ಯಾರ್ಥಿಗಳ ಮ್ಯೂಸಿಕ್ ವಿಡಿಯೊ: ಚಿತ್ರೀಕರಣದ ತೊಂದರೆಗಳಿಗೆ ಮೊದಲೇ ಸಿದ್ಧರಾಗುವ ಬಗೆ

ಕಿರುಚಿತ್ರಕ್ಕೂ ಮ್ಯೂಸಿಕ್ ವಿಡಿಯೊಗೂ ಬಳಸುವ ಕ್ಯಾಮೆರಾ ಒಂದೇ, ದುಡಿಯುವ ತಂಡವೂ ಬಹುಪಾಲು ಒಂದೇ. ಎದುರಾಗುವ ತೊಂದರೆಗಳು ಮಾತ್ರ ಬೇರೆ. ಕಿರುಚಿತ್ರದಲ್ಲಿ ರಸ್ತೆಯ ಹಾರ್ನ್ ಸದ್ದು ಒಳ್ಳೆಯ ಟೇಕ್ ಒಂದನ್ನು ಹಾಳುಮಾಡಬಲ್ಲದು. ಮ್ಯೂಸಿಕ್ ವಿಡಿಯೊದಲ್ಲಿ ಹಾಡು ಮೊದಲೇ ಮುದ್ರಣವಾಗಿರುವುದರಿಂದ ಆ ಸದ್ದು ಪ್ರೇಕ್ಷಕರ ಕಿವಿಗೆ ಬೀಳುವುದೇ ಇಲ್ಲ. ಆದರೆ ಈ ಅನುಕೂಲದ ಬೆನ್ನಿಗೇ ಒಂದು ಕಟ್ಟುಪಾಡೂ ಬರುತ್ತದೆ: ಹಾಡು 4 ನಿಮಿಷದ್ದಾಗಿದ್ದರೆ ಚಿತ್ರವೂ 4 ನಿಮಿಷ ತುಂಬಲೇಬೇಕು. ಕಿರುಚಿತ್ರದಲ್ಲಿ ಕೈತಪ್ಪಿದ ದೃಶ್ಯವನ್ನು ಬಿಟ್ಟು ಕಥೆಯನ್ನು ಚಿಕ್ಕದಾಗಿಸಬಹುದು. ಎರಡನೆಯ ಚರಣಕ್ಕೆ ದೃಶ್ಯವಿಲ್ಲವೆಂದು ಹಾಡಿನ ಚರಣವನ್ನೇ ಕತ್ತರಿಸಲು ಬರುವುದಿಲ್ಲ.

ಇದನ್ನು ಗಮನದಲ್ಲಿಟ್ಟುಕೊಂಡರೆ ವಿದ್ಯಾರ್ಥಿ ತಂಡವೊಂದು ಮಾಡಿಕೊಳ್ಳಬೇಕಾದ ಸಿದ್ಧತೆಯ ಸ್ವರೂಪ ತಾನಾಗಿಯೇ ಸ್ಪಷ್ಟವಾಗುತ್ತದೆ. ತೊಂದರೆ ಬಾರದಂತೆ ತಡೆಯುವುದು ಸಿದ್ಧತೆಯ ಅರ್ಧ ಭಾಗ. ತೊಂದರೆ ಬಂದಾಗ ಯಾವುದನ್ನು ಬಿಟ್ಟುಕೊಡಬೇಕು, ಎಷ್ಟು ಹೊತ್ತಿಗೆ ಬಿಟ್ಟುಕೊಡಬೇಕು, ಆ ಮಾತನ್ನು ಯಾರು ಹೇಳಬೇಕು ಎಂಬುದನ್ನು ಮನೆಯಲ್ಲಿ ಶಾಂತವಾಗಿ ಕುಳಿತು ನಿರ್ಧರಿಸಿಕೊಳ್ಳುವುದು ಉಳಿದರ್ಧ. ವಿದ್ಯಾರ್ಥಿ ತಂಡಗಳು ಎಡವುವುದು ಹೆಚ್ಚಾಗಿ ಈ ಎರಡನೆಯ ಅರ್ಧದಲ್ಲಿ.

ಹೆಜ್ಜೆ 1: ಹಾಡನ್ನು ಅಂತಿಮಗೊಳಿಸಿ

ಚಿತ್ರೀಕರಣದ ದಿನ ನುಡಿಸುವ ಹಾಡಿನ ಫೈಲೂ ಸಂಕಲನದ ಮೇಜಿಗೆ ಬರುವ ಫೈಲೂ ಒಂದೇ ಆಗಿರಬೇಕು. ಹೇಳಲೇಬೇಕಾಗಿಲ್ಲದ ಮಾತಿನಂತೆ ಇದು ಕಾಣಬಹುದು. ನಾನು ಸಂಕಲನಕ್ಕೆ ಕುಳಿತಿದ್ದ ಒಂದು ವಿಡಿಯೊದಲ್ಲಿ ಗಾಯಕಿಯ ತುಟಿಗಳು ಪಲ್ಲವಿಯಲ್ಲಿ ಸರಿಯಾಗಿ ಹೊಂದುತ್ತಿದ್ದವು, ಮೊದಲ ಚರಣದ ಹೊತ್ತಿಗೆ ಸ್ವಲ್ಪ ಹಿಂದೆ ಬೀಳುತ್ತಿದ್ದವು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಹಾಡು ಮುಗಿದೇ ಹೋಗಿರುತ್ತಿತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು: ಚಿತ್ರೀಕರಣದ ನಂತರ ಹಾಡು ಇನ್ನೂ ಚುರುಕಾಗಿರಲಿ ಎಂದು ಧ್ವನಿಮುದ್ರಣ ನೋಡಿಕೊಂಡ ಗೆಳೆಯ ಅದರ ಗತಿಯನ್ನು ನಿಮಿಷಕ್ಕೆ 96 ಬೀಟ್‌ಗಳಿಂದ 98ಕ್ಕೆ ಏರಿಸಿ, ಫೈಲಿಗೆ ಹಳೆಯ ಹೆಸರನ್ನೇ ಉಳಿಸಿದ್ದ. 96ರ ಗತಿಯಲ್ಲಿ 4 ನಿಮಿಷದ ಹಾಡಿನಲ್ಲಿ 384 ಬೀಟ್‌ಗಳಿರುತ್ತವೆ. ಅಷ್ಟನ್ನೇ 98ರ ಗತಿಯಲ್ಲಿ ನುಡಿಸಿದರೆ ಹಾಡು ಸುಮಾರು 5 ಸೆಕೆಂಡ್ ಮೊದಲೇ ಮುಗಿಯುತ್ತದೆ. ಕೇಳುವಾಗ ಗೊತ್ತೇ ಆಗದ ವ್ಯತ್ಯಾಸ ಅದು, ತುಟಿಯ ಮೇಲೆ ಮಾತ್ರ ಮರೆಮಾಚಲಾಗದ್ದು.

ಆದ್ದರಿಂದ ಚಿತ್ರೀಕರಣಕ್ಕೆ ಕನಿಷ್ಠ ಒಂದು ವಾರ ಮೊದಲು ಹಾಡಿನ ಉದ್ದವನ್ನೂ ಗತಿಯನ್ನೂ ಅಂತಿಮಗೊಳಿಸಿ, ದಿನಾಂಕ ಸೇರಿಸಿದ ಹೆಸರಿನಲ್ಲಿ ಫೈಲನ್ನು ಉಳಿಸಿ, ಹಳೆಯ ಪ್ರತಿಗಳನ್ನು ಎಲ್ಲರ ಫೋನಿನಿಂದಲೂ ಅಳಿಸಿ. ಧ್ವನಿಯ ಮಟ್ಟ, ಪ್ರತಿಧ್ವನಿ, ವಾದ್ಯಗಳ ಹದ ಇವನ್ನು ಆಮೇಲೂ ತಿದ್ದಬಹುದು. ಉದ್ದ ಮತ್ತು ಗತಿಯನ್ನು ಮುಟ್ಟುವಂತಿಲ್ಲ. ವಿಡಿಯೊ ಕೆಲಸದಲ್ಲಿ 48 ಕಿಲೊಹರ್ಟ್ಸ್ ಮಾದರಿ ದರದ (ಧ್ವನಿಯನ್ನು ಸೆಕೆಂಡಿಗೆ ಎಷ್ಟು ಬಾರಿ ಅಳೆದು ದಾಖಲಿಸಲಾಗುತ್ತದೆ ಎಂಬ ಲೆಕ್ಕ) ವೇವ್ (.wav) ಫೈಲ್ ಬಳಸುವುದು ರೂಢಿ. ಸಾಧ್ಯವಾದರೆ ಅದನ್ನೇ ಇಟ್ಟುಕೊಳ್ಳಿ, ಚಿತ್ರೀಕರಣದ ಪ್ರತಿಯನ್ನೂ ಅದರಿಂದಲೇ ಮಾಡಿಕೊಳ್ಳಿ.

ಹಾಡು ನಿಮ್ಮದೇ ಅಲ್ಲದಿದ್ದರೆ ಹಕ್ಕಿನ ವಿಚಾರವನ್ನೂ ಇದೇ ಹಂತದಲ್ಲಿ ಬಗೆಹರಿಸಿಕೊಳ್ಳಬೇಕು. ಒಂದು ಹಾಡಿನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಹಕ್ಕುಗಳಿರುತ್ತವೆ: ಸಾಹಿತ್ಯ ಮತ್ತು ಸ್ವರಸಂಯೋಜನೆಯದು ಒಂದು, ಧ್ವನಿಮುದ್ರಿಕೆಯದು ಇನ್ನೊಂದು. ತರಗತಿಯಲ್ಲಿ ತೋರಿಸಲು ನೀಡಿದ ಅನುಮತಿ ಅಂತರ್ಜಾಲದಲ್ಲಿ ಪ್ರಕಟಿಸಲು ಸಾಲದೆ ಹೋಗಬಹುದು. ಯೂಟ್ಯೂಬ್‌ನಂಥ ತಾಣದಲ್ಲಿ ಧ್ವನಿಯನ್ನು ತಾನಾಗಿಯೇ ಗುರುತಿಸುವ ವ್ಯವಸ್ಥೆ ಇರುವುದರಿಂದ ಅಪ್‌ಲೋಡ್ ಮಾಡಿದ ಕೆಲವೇ ನಿಮಿಷಗಳಲ್ಲಿ ವಿಡಿಯೊ ತಡೆಹಿಡಿಯಲ್ಪಡುವ ಸಾಧ್ಯತೆಯೂ ಇದೆ. ಎಲ್ಲಿ ತೋರಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ತಕ್ಕ ಅನುಮತಿಯನ್ನು ಬರಹದಲ್ಲಿ ಪಡೆದುಕೊಳ್ಳಿ. ಸಹಪಾಠಿಗಳ ಬ್ಯಾಂಡ್ ಒಂದರ ಸ್ವಂತ ಹಾಡನ್ನು ಆರಿಸಿಕೊಳ್ಳುವುದು ಈ ತಾಪತ್ರಯದಿಂದ ಪಾರಾಗುವ ಸುಲಭ ದಾರಿ. ಆಗಲೂ ಒಂದು ಪುಟದ ಒಪ್ಪಿಗೆ ಪತ್ರ ಇರಲಿ, ಏಕೆಂದರೆ ಬ್ಯಾಂಡ್‌ಗಳು ಒಡೆಯುತ್ತವೆ.

ಹೆಜ್ಜೆ 2: ಬಿಡಲಾಗದ್ದನ್ನೂ ಬಿಡಬಹುದಾದದ್ದನ್ನೂ ಬೇರೆ ಮಾಡಿ

ಶಾಟ್‌ಗಳ ಪಟ್ಟಿ ಎಲ್ಲ ತಂಡಗಳ ಬಳಿಯೂ ಇರುತ್ತದೆ. ಆ ಪಟ್ಟಿಯಲ್ಲಿ ಎಲ್ಲ ಶಾಟ್‌ಗಳೂ ಸಮಾನ ಮುಖ್ಯವೆಂಬಂತೆ ಕಾಣುವುದೇ ತೊಂದರೆಯ ಬೀಜ. ಪ್ರತಿ ಶಾಟ್‌ನ ಮುಂದೆ 1, 2 ಅಥವಾ 3 ಎಂದು ಬರೆಯಿರಿ. 1 ಎಂದರೆ ಇದಿಲ್ಲದೆ ವಿಡಿಯೊ ಆಗುವುದೇ ಇಲ್ಲ. 2 ಎಂದರೆ ಇದಿದ್ದರೆ ಕಥೆ ಅರ್ಥವಾಗುತ್ತದೆ. 3 ಎಂದರೆ ಇದಿದ್ದರೆ ಚಂದ. ಚಿತ್ರೀಕರಣ ತಡವಾದಾಗ 3ನ್ನು ಚರ್ಚೆಯಿಲ್ಲದೆ ಕೈಬಿಡಲು ಎಲ್ಲರೂ ಮೊದಲೇ ಒಪ್ಪಿರಬೇಕು. ಕ್ರೇನಿನಂತೆ ಮೇಲೇರುವ ಆ ಸುಂದರ ಶಾಟ್ ನಿರ್ದೇಶಕರಿಗೆ ಎಷ್ಟು ಪ್ರಿಯವಾಗಿದ್ದರೂ ಅದರ ಮುಂದೆ 3 ಎಂದೇ ಬರೆಯಬೇಕಾಗುವುದು ಸಾಮಾನ್ಯ.

ಯಾವ ಮ್ಯೂಸಿಕ್ ವಿಡಿಯೊದಲ್ಲೂ 1ರ ಸಾಲಿನಲ್ಲಿ ಮೊದಲು ಬರಬೇಕಾದದ್ದು ಹಾಡುವವರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಡುವೆ ನಿಲ್ಲಿಸದೆ ಹಾಡಿದ ಪೂರ್ಣ ಟೇಕ್. ದೂರದ್ದು, ಮಧ್ಯಮದ್ದು, ಹತ್ತಿರದ್ದು ಎಂದು ಇಂತಹ ಮೂರು ಟೇಕ್‌ಗಳು ನಿಮ್ಮ ಬಳಿ ಇದ್ದರೆ, ಉಳಿದದ್ದೆಲ್ಲ ಮುರಿದುಬಿದ್ದರೂ ಆರಂಭದಿಂದ ಕೊನೆಯವರೆಗೆ ನೋಡಬಹುದಾದ ವಿಡಿಯೊ ಕೈಯಲ್ಲಿರುತ್ತದೆ. ಒಂದಕ್ಕೆ ಮಾತ್ರ ಸಮಯವಿದೆ ಎಂದಾದರೆ ನಾನು ಮಧ್ಯಮ ಶಾಟನ್ನು ಆರಿಸುತ್ತೇನೆ: ಅದರಲ್ಲಿ ಮುಖಭಾವವೂ ಕಾಣುತ್ತದೆ, ಕೈಚಲನೆಯೂ ಕಾಣುತ್ತದೆ, 4ಕೆ ಗಾತ್ರದಲ್ಲಿ ಚಿತ್ರೀಕರಿಸಿ ಕಡಿಮೆ ಗಾತ್ರದಲ್ಲಿ ಸಂಕಲನ ಮಾಡುವುದಾದರೆ ಅದನ್ನೇ ಹಿಗ್ಗಿಸಿ ಹತ್ತಿರದ ಶಾಟ್ ಆಗಿಯೂ ಬಳಸಬಹುದು.

ಈ ಟೇಕ್‌ಗಳಿಗೆ ಎಷ್ಟು ಹೊತ್ತು ಬೇಕೆಂಬ ಲೆಕ್ಕದಲ್ಲಿ ಹೊಸಬರು ಮೋಸಹೋಗುತ್ತಾರೆ. 4 ನಿಮಿಷದ ಹಾಡಿನ ಒಂದು ಟೇಕ್‌ಗೆ 4 ನಿಮಿಷ ಸಾಲದು. ಎಲ್ಲರೂ ಮೊದಲಿನ ಜಾಗಕ್ಕೆ ಮರಳಬೇಕು, ಬೆವರು ಒರೆಸಬೇಕು, ಫೋಕಸ್ ನೋಡಬೇಕು, ಹಾಡನ್ನು ಮತ್ತೆ ಮೊದಲಿಗೆ ತರಬೇಕು. ಒಂದು ಗಂಟೆಯಲ್ಲಿ ನಾಲ್ಕು ಪೂರ್ಣ ಟೇಕ್‌ಗಳಾದರೆ ವಿದ್ಯಾರ್ಥಿ ತಂಡ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ನಾನು ಎಣಿಸುತ್ತೇನೆ.

ಇದರ ಜೊತೆಗೆ ಬಾಯಿ ಕಾಣದ ಶಾಟ್‌ಗಳನ್ನು ಬೇಕೆಂದೇ ಪಟ್ಟಿಗೆ ಸೇರಿಸಿ: ನಡೆಯುವ ಪಾದ, ಬೆನ್ನ ಹಿಂದಿನ ನೋಟ, ಕಿಟಕಿಯ ಎದುರು ಕಪ್ಪಾಗಿ ಕಾಣುವ ಆಕೃತಿ, ಕೇಳುತ್ತ ಕುಳಿತವರ ಮುಖ, ಗಾಳಿಗೆ ಅಲುಗುವ ಪರದೆ. ತುಟಿ ಹೊಂದದ ಜಾಗದಲ್ಲಿ, ಫೋಕಸ್ ತಪ್ಪಿದ ಜಾಗದಲ್ಲಿ, ಯಾರೋ ಫ್ರೇಮಿನೊಳಗೆ ನಡೆದುಬಂದ ಜಾಗದಲ್ಲಿ ಸಂಕಲನಕಾರರನ್ನು ಕಾಪಾಡುವುದು ಇವೇ. ತಲಾ ಐದಾರು ಸೆಕೆಂಡಿನ ಇಪ್ಪತ್ತು ಶಾಟ್‌ಗಳನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಗಿಟಾರ್ ತಂತಿಯ ಮೇಲಿನ ಬೆರಳು ಮತ್ತು ಡ್ರಮ್ ಕೋಲನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅವೂ ಹಾಡಿಗೆ ಹೊಂದಲೇಬೇಕು, ಡ್ರಮ್ ಮೇಲೆ ಬೀಳುವ ಕೋಲು ತಪ್ಪಿದರೆ ತುಟಿ ತಪ್ಪಿದ್ದಕ್ಕಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ.

ಹೆಜ್ಜೆ 3: ತೊಂದರೆಗಳ ಪಟ್ಟಿಯನ್ನು ಬರೆಯಿರಿ

ತಂಡದ ಎಲ್ಲರೂ ಒಂದು ಗಂಟೆ ಒಟ್ಟಿಗೆ ಕುಳಿತು, ಚಿತ್ರೀಕರಣದ ದಿನ ಆಗಲೇ ಮುಗಿದುಹೋಗಿದೆ, ಅದು ಪೂರ್ತಿ ಕೆಟ್ಟಿದೆ ಎಂದು ಕಲ್ಪಿಸಿಕೊಂಡು, ಏಕೆ ಕೆಟ್ಟಿತು ಎಂಬುದಕ್ಕೆ ತಲಾ ಐದು ಕಾರಣಗಳನ್ನು ಬರೆಯಲಿ. ಏನು ತಪ್ಪಬಹುದು ಎಂದು ಕೇಳಿದಾಗ ಸುಮ್ಮನಿರುವವರು ಏನು ತಪ್ಪಿತು ಎಂದು ಕೇಳಿದಾಗ ಬಾಯಿ ಬಿಡುತ್ತಾರೆ. ಗಾಯಕನಿಗೆ ಮುಂಜಾನೆ ಏಳುವ ಅಭ್ಯಾಸವಿಲ್ಲ ಎಂಬ ಸತ್ಯ ಹೊರಬರುವುದು ಇಂತಹ ಹೊತ್ತಿನಲ್ಲಿ.

ಬಂದ ಕಾರಣಗಳಿಗೆ ಎರಡು ಅಂಕ ಕೊಡಿ: ಸಂಭವಿಸುವ ಸಾಧ್ಯತೆಗೆ 1ರಿಂದ 5, ಸಂಭವಿಸಿದರೆ ಆಗುವ ಹಾನಿಗೆ 1ರಿಂದ 5. ಎರಡನ್ನೂ ಗುಣಿಸಿದರೆ ಯಾವುದರ ಬಗ್ಗೆ ಮೊದಲು ಯೋಚಿಸಬೇಕೆಂಬುದು ತಿಳಿಯುತ್ತದೆ. ಮುಖ್ಯ ಕಲಾವಿದರು ತಡವಾಗಿ ಬರುವುದಕ್ಕೆ 4 ಮತ್ತು 4 ಕೊಟ್ಟರೆ 16. ಮೋಡ ಕವಿಯುವುದಕ್ಕೆ 4 ಮತ್ತು 2 ಕೊಟ್ಟರೆ 8. ಮೆಮೊರಿ ಕಾರ್ಡ್ ಕೆಡುವುದಕ್ಕೆ 2 ಮತ್ತು 5 ಕೊಟ್ಟರೆ 10. ಗುಣಲಬ್ಧ ಎಷ್ಟೇ ಬರಲಿ, ಹಾನಿಯ ಅಂಕ 5 ಇರುವುದೆಲ್ಲಕ್ಕೂ ಉತ್ತರ ಇರಲೇಬೇಕೆಂಬ ನಿಯಮವನ್ನು ನಾನು ಸೇರಿಸಿಕೊಳ್ಳುತ್ತೇನೆ, ಏಕೆಂದರೆ ಅಪರೂಪಕ್ಕೆ ಬರುವ ತೊಂದರೆಯೇ ಇಡೀ ಕೆಲಸವನ್ನು ಮುಳುಗಿಸುವುದು.

ಪ್ರತಿ ಸಾಲಿಗೂ ಪರಿಹಾರ ಬರೆಯುವಾಗ ‘ಬೇರೆ ವ್ಯವಸ್ಥೆ ಮಾಡುವುದು’ ಎಂಬಂತಹ ಮಾತುಗಳಿಗೆ ಅವಕಾಶ ಕೊಡಬೇಡಿ. ಒಂದು ಸಾಲು ಹೇಗಿರಬೇಕೆಂದರೆ: ‘ಬೆಳಿಗ್ಗೆ 7ಕ್ಕೆ ಗಾಯಕಿ ಬರಬೇಕು. 7.20ರವರೆಗೂ ಬಾರದಿದ್ದರೆ ನಿರ್ಮಾಣದ ಹೊಣೆ ಹೊತ್ತವರು ಫೋನ್ ಮಾಡುತ್ತಾರೆ. 7.40ಕ್ಕೂ ಬಾರದಿದ್ದರೆ 14ರಿಂದ 22ರವರೆಗಿನ ಬಾಯಿ ಕಾಣದ ಶಾಟ್‌ಗಳನ್ನು ಮೊದಲು ತೆಗೆಯಲಾಗುತ್ತದೆ. 10 ಗಂಟೆ ದಾಟಿದರೆ ಮೀಸಲು ದಿನಕ್ಕೆ ಹೋಗುತ್ತೇವೆ. ಅದನ್ನು ಪ್ರಕಟಿಸುವವರು ನಿರ್ದೇಶಕರಲ್ಲ, ನಿರ್ಮಾಣದ ಹೊಣೆ ಹೊತ್ತವರು.’ ಇದರಲ್ಲಿ ಲಕ್ಷಣವಿದೆ, ಗಡುವಿದೆ, ಬದಲಿ ಕೆಲಸವಿದೆ, ನಿರ್ಧರಿಸುವವರ ಗುರುತಿದೆ. ಈ ನಾಲ್ಕರಲ್ಲಿ ಯಾವುದೊಂದು ಇಲ್ಲದಿದ್ದರೂ ಆ ಸಾಲು ಹಾಳೆಯ ಮೇಲಷ್ಟೇ ಉಳಿಯುತ್ತದೆ. ನಿಲ್ಲಿಸುವ ಮಾತನ್ನು ನಿರ್ದೇಶಕರಿಗೆ ಬಿಡಬಾರದೆನ್ನಲು ಕಾರಣವಿದೆ: ಇನ್ನೊಂದೇ ಒಂದು ಟೇಕ್ ಎನ್ನುವುದು ಅವರ ಸ್ವಭಾವ, ಅವರ ಕೆಲಸವೂ ಅದೇ.

ಹೆಜ್ಜೆ 4: ಸ್ಥಳವನ್ನು ಅದೇ ಹೊತ್ತಿನಲ್ಲಿ ನೋಡಿಬನ್ನಿ

ಸಂಜೆ ನೋಡಿ ಮೆಚ್ಚಿದ ಅಂಗಳ ಬೆಳಿಗ್ಗೆ ಹತ್ತಕ್ಕೆ ಬೇರೆಯೇ ಜಾಗವಾಗಿರುತ್ತದೆ. ಚಿತ್ರೀಕರಣ ಎಷ್ಟು ಹೊತ್ತಿಗೋ ಅಷ್ಟೇ ಹೊತ್ತಿಗೆ, ಸಾಧ್ಯವಾದರೆ ವಾರದ ಅದೇ ದಿನ ಹೋಗಿ ನೋಡಿ. ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುವುದರಿಂದ ಎರಡು ಗಂಟೆಯ ಚಿತ್ರೀಕರಣದಲ್ಲಿ ನೆರಳು ಗೋಡೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬಂದಿರುತ್ತದೆ. ಸೂರ್ಯನ ದಾರಿಯನ್ನು ತೋರಿಸುವ ಆ್ಯಪ್‌ಗಳಿವೆ. ಆದರೆ ಪಕ್ಕದ ಕಟ್ಟಡದ ನೆರಳು ಎಷ್ಟು ಗಂಟೆಗೆ ಅಂಗಳಕ್ಕೆ ಇಳಿಯುತ್ತದೆಂಬುದು ಹೋಗಿ ನಿಂತರೆ ಮಾತ್ರ ಖಚಿತವಾಗಿ ತಿಳಿಯುತ್ತದೆ. ಬಿಸಿಲಿನಲ್ಲಿ ಜಾಗ ಹೆಚ್ಚು ಕಾಣುವ ದೂರದ ಶಾಟ್‌ಗಳನ್ನು ಮೊದಲು ಮುಗಿಸಿದರೆ, ಬೆಳಕು ಬದಲಾದ ಮೇಲೆ ಹತ್ತಿರದ ಶಾಟ್‌ಗಳನ್ನು ಒಂದು ಬಿಳಿ ಹಾಳೆ ಅಥವಾ ಕೊಡೆಯ ನೆರವಿನಿಂದ ಹೊಂದಿಸಿಕೊಳ್ಳಬಹುದು.

ಪ್ಲಗ್ ಪಾಯಿಂಟ್‌ಗಳು ಎಲ್ಲಿವೆ, ಅವು ಕೆಲಸ ಮಾಡುತ್ತವೆಯೇ, ಶೌಚಾಲಯ ಎಷ್ಟು ದೂರ, ಮಳೆ ಬಂದರೆ ಉಪಕರಣಗಳನ್ನು ಎಲ್ಲಿ ಇಡಬಹುದು, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೆಲ್ಲ ಆ ದಿನವೇ ಬರೆದುಕೊಳ್ಳಿ. ಜೋರಾಗಿ ಹಾಡು ಹಾಕುವುದಕ್ಕೆ ಅಲ್ಲಿ ಯಾರ ಅಭ್ಯಂತರವೂ ಇಲ್ಲವೇ ಎಂಬುದನ್ನು ಬೇರೆಯಾಗಿ ಕೇಳಬೇಕು; ಚಿತ್ರೀಕರಣಕ್ಕೆ ಒಪ್ಪಿದವರು ಒಂದೇ ಹಾಡನ್ನು ಮೂವತ್ತು ಬಾರಿ ಕೇಳಲು ಒಪ್ಪಿರುವುದಿಲ್ಲ. ಅನುಮತಿ ಬರಹದಲ್ಲಿರಲಿ, ದಿನಾಂಕ ಮತ್ತು ಸಮಯ ಸಹಿತ, ಅದರ ಮುದ್ರಿತ ಪ್ರತಿ ಚಿತ್ರೀಕರಣದ ದಿನ ಕೈಯಲ್ಲಿರಲಿ. ಪ್ರತಿ ಹೊರಾಂಗಣ ಸ್ಥಳಕ್ಕೂ ಚಾವಣಿ ಇರುವ ಒಂದು ಬದಲಿ ಜಾಗವನ್ನು ಗುರುತಿಸಿಡಿ. ಬದಲಿ ಜಾಗ ಸುಂದರವಾಗಿರಬೇಕೆಂದಿಲ್ಲ, ಕಪ್ಪು ಬಟ್ಟೆ ಕಟ್ಟಬಹುದಾದ ಒಂದು ಗೋಡೆ ಸಾಕು.

ಹೆಜ್ಜೆ 5: ಪ್ಲೇಬ್ಯಾಕ್‌ಗೆ ಒಬ್ಬರನ್ನು ನೇಮಿಸಿ

ಪ್ಲೇಬ್ಯಾಕ್ ಎಂದರೆ ಇಲ್ಲಿ, ಹಾಡುವವರು ತುಟಿ ಹೊಂದಿಸಲೆಂದು ಚಿತ್ರೀಕರಣದ ಸ್ಥಳದಲ್ಲಿ ಹಾಡನ್ನು ನುಡಿಸುವುದು. ವಿದ್ಯಾರ್ಥಿ ತಂಡಗಳಲ್ಲಿ ಈ ಕೆಲಸ ಯಾರದೂ ಆಗಿರುವುದಿಲ್ಲ. ಯಾರದೋ ಫೋನ್, ಯಾರದೋ ಸ್ಪೀಕರ್, ಬಿಡುವಿದ್ದವರ ಬೆರಳು. ಹಾಡು ನುಡಿಸುವುದು, ನಿಲ್ಲಿಸುವುದು, ಯಾವ ಟೇಕ್‌ನಲ್ಲಿ ಹಾಡು ಎಲ್ಲಿಂದ ಶುರುವಾಯಿತೆಂದು ಬರೆದಿಡುವುದು, ಇಷ್ಟನ್ನು ಒಬ್ಬರೇ ದಿನವಿಡೀ ನೋಡಿಕೊಳ್ಳಬೇಕು. ಆ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಚರಣದ ನಡುವೆ ಬಂದ ಕರೆಯೊಂದು ಒಳ್ಳೆಯ ಟೇಕನ್ನು ನುಂಗಿಹಾಕುತ್ತದೆ.

ಪ್ಲೇಬ್ಯಾಕ್ ಪ್ರತಿಯ ಆರಂಭದಲ್ಲಿ, ಹಾಡಿನ ಗತಿಯಲ್ಲೇ, ನಾಲ್ಕು ಬೀಪ್ ಸದ್ದುಗಳನ್ನು ಸೇರಿಸಿ. ಹಾಡುವವರಿಗೆ ಎತ್ತುಗಡೆ ಸಿಗುತ್ತದೆ, ಸಂಕಲನಕಾರರಿಗೆ ಹೊಂದಿಸಲು ಸ್ಪಷ್ಟ ಗುರುತು ಸಿಗುತ್ತದೆ. ಚರಣದಿಂದ ಆರಂಭವಾಗುವ ತುಣುಕುಗಳಿಗೂ ಇಂತಹ ಬೀಪ್ ಇರುವ ಪ್ರತ್ಯೇಕ ಫೈಲ್ ಮಾಡಿಟ್ಟುಕೊಂಡರೆ, ಎರಡನೆಯ ಚರಣ ಎಲ್ಲಿದೆ ಎಂದು ಬೆರಳಿನಿಂದ ತಡಕಾಡುವ ಕೆಲಸ ತಪ್ಪುತ್ತದೆ.

ಕ್ಯಾಮೆರಾದ ಮೈಕನ್ನು ಯಾವ ಕಾರಣಕ್ಕೂ ಬಂದ್ ಮಾಡಬೇಡಿ. ಈ ಧ್ವನಿಯನ್ನು ಹೇಗೂ ಬಳಸುವುದಿಲ್ಲವಲ್ಲ ಎಂದು ಆರಿಸಿದರೆ, ಸಂಕಲನದಲ್ಲಿ ಚಿತ್ರವನ್ನೂ ಹಾಡನ್ನೂ ಹೊಂದಿಸಲು ತುಟಿ ನೋಡಿಕೊಂಡು ಅಂದಾಜಿಸುವುದಷ್ಟೇ ಉಳಿಯುತ್ತದೆ. ಕ್ಯಾಮೆರಾ ಮುದ್ರಿಸಿಕೊಂಡ ಒರಟು ಧ್ವನಿ ಇದ್ದರೆ ಇಂದಿನ ಸಂಕಲನ ತಂತ್ರಾಂಶಗಳು ಅದನ್ನು ಮೂಲ ಹಾಡಿನ ಜೊತೆ ತಾವೇ ಹೊಂದಿಸಿಕೊಡುತ್ತವೆ. ಕ್ಯಾಮೆರಾ ದೂರದಲ್ಲಿದ್ದರೆ ಒಂದು ಸಣ್ಣ ತಿದ್ದುಪಡಿ ಬೇಕು: ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ, ಸ್ಪೀಕರ್‌ನಿಂದ 34 ಮೀಟರ್ ದೂರದಲ್ಲಿರುವ ಕ್ಯಾಮೆರಾಗೆ ಹಾಡು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ಸೆಕೆಂಡಿಗೆ 25 ಫ್ರೇಮ್ (ವಿಡಿಯೊದ ಬಿಡಿ ಚಿತ್ರ) ಲೆಕ್ಕದಲ್ಲಿ ಅದು ಎರಡೂವರೆ ಫ್ರೇಮ್. ಅಷ್ಟೇ ವ್ಯತ್ಯಾಸ ತುಟಿಯ ಮೇಲೆ ಕಾಣಿಸುತ್ತದೆ.

ಬ್ಲೂಟೂತ್ ಸ್ಪೀಕರ್ ಕೂಡ ಹಾಡನ್ನು ತಡವಾಗಿ ನುಡಿಸುತ್ತದೆ, ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್. ಹಾಡುವವರೂ ಕ್ಯಾಮೆರಾದ ಮೈಕೂ ಅದೇ ಸ್ಪೀಕರ್‌ನಿಂದ ಹತ್ತಿರದಲ್ಲಿ ಕೇಳಿಸಿಕೊಳ್ಳುತ್ತಿದ್ದರೆ ಈ ವಿಳಂಬ ತೊಂದರೆ ಕೊಡುವುದಿಲ್ಲ. ಗಾಯಕಿಗೆ ಸ್ಪೀಕರ್, ಡ್ರಮ್ ನುಡಿಸುವವರಿಗೆ ಬ್ಲೂಟೂತ್ ಇಯರ್‌ಫೋನ್ ಎಂದು ಬೇರೆಬೇರೆ ಮಾಡಿದ ಕೂಡಲೇ ಇಬ್ಬರೂ ಬೇರೆಬೇರೆ ಹಾಡನ್ನು ಕೇಳುತ್ತಿರುತ್ತಾರೆ. ಡ್ರಮ್ ಸದ್ದಿನಲ್ಲಿ ಪ್ಲೇಬ್ಯಾಕ್ ಮುಳುಗಿಹೋಗುವುದು ನಿಜ. ಅದಕ್ಕೆ ತಂತಿಯ ಸ್ಪೀಕರ್ ಮತ್ತು ತಂತಿಯ ಇಯರ್‌ಫೋನನ್ನು ಒಂದೇ ಮೂಲದಿಂದ ಕೊಡುವುದು ಪರಿಹಾರ. ಹಾಡುವವರು ಬರಿದೇ ತುಟಿ ಆಡಿಸದೆ ನಿಜವಾಗಿ ಹಾಡಬೇಕೆಂಬುದನ್ನೂ ಮೊದಲೇ ತಿಳಿಸಿ, ಏಕೆಂದರೆ ಉಸಿರಿನ ಏರಿಳಿತವನ್ನೂ ಕುತ್ತಿಗೆಯ ಬಿಗಿತವನ್ನೂ ನಟಿಸುವುದು ಕಷ್ಟ.

ನಿಧಾನಗತಿಯ ಶಾಟ್‌ನಲ್ಲಿ ತುಟಿ ಹೊಂದಬೇಕೆಂದರೆ ಹಾಡನ್ನು ವೇಗವಾಗಿ ನುಡಿಸಬೇಕು. ಅಂತಿಮ ಚಿತ್ರ ಸೆಕೆಂಡಿಗೆ 25 ಫ್ರೇಮ್ ಇದ್ದು, 50 ಫ್ರೇಮ್‌ನಲ್ಲಿ ಚಿತ್ರೀಕರಿಸುವುದಾದರೆ ಹಾಡು ಎರಡು ಪಟ್ಟು ವೇಗದಲ್ಲಿರಬೇಕು. ಆ ಪ್ರತಿಯನ್ನು ಹಾಡು ಅಂತಿಮವಾದ ಕೂಡಲೇ ಗಾಯಕರಿಗೆ ಕೊಡಿ. ಸ್ಥಳದಲ್ಲೇ ಮೊದಲ ಬಾರಿ ಅದನ್ನು ಕೇಳಿದವರು ನಗುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ.

ಹೆಜ್ಜೆ 6: ಕ್ಯಾಮೆರಾ, ಬ್ಯಾಟರಿ, ಕಾರ್ಡ್‌ಗಳ ಲೆಕ್ಕ

ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಮುದ್ರಿಸುವ ಕ್ಯಾಮೆರಾ ಸೆಕೆಂಡಿಗೆ 12.5 ಮೆಗಾಬೈಟ್, ನಿಮಿಷಕ್ಕೆ 750 ಮೆಗಾಬೈಟ್, ಗಂಟೆಗೆ 45 ಗಿಗಾಬೈಟ್ ತುಂಬುತ್ತದೆ. 64 ಗಿಗಾಬೈಟ್ ಕಾರ್ಡ್ ಒಂದೂವರೆ ಗಂಟೆಗೂ ಸಾಲದು. ನಿಮ್ಮ ಕ್ಯಾಮೆರಾದ ದರವನ್ನು ನೋಡಿ ಇದೇ ಲೆಕ್ಕ ಹಾಕಿ, ಬಂದ ಉತ್ತರದ ಎರಡು ಪಟ್ಟು ಕಾರ್ಡ್‌ಗಳನ್ನು ಒಯ್ಯಿರಿ. ಒಂದು ದೊಡ್ಡ ಕಾರ್ಡ್‌ಗಿಂತ ಹಲವು ಮಧ್ಯಮ ಗಾತ್ರದ ಕಾರ್ಡ್‌ಗಳು ಲೇಸು: ಒಂದು ಕೆಟ್ಟರೆ ಒಂದು ಭಾಗವಷ್ಟೇ ಹೋಗುತ್ತದೆ. ಕಾರ್ಡ್ ಮೇಲೆ ವಿ30 ಎಂಬ ಗುರುತಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲದೆಂದು ಅರ್ಥ, ಮೇಲೆ ಹೇಳಿದ ದರಕ್ಕೆ ಅದು ಧಾರಾಳವಾಗಿ ಸಾಕು.

ಬ್ಯಾಟರಿಗಳ ಮೇಲೆ ಟೇಪ್ ಅಂಟಿಸಿ ಅಂಕಿ ಬರೆಯಿರಿ; ಮುಗಿದದ್ದರ ಟೇಪಿನ ಮೇಲೆ ಗೀಟು ಎಳೆಯಿರಿ. ಲಿಥಿಯಂ ಬ್ಯಾಟರಿಗಳು ಚಳಿಯಲ್ಲಿ ಬೇಗ ಸೋಲುತ್ತವೆ, ಅವನ್ನು ಒಳ ಜೇಬಿನಲ್ಲಿಡಿ. ಸುಡು ಬಿಸಿಲಿನಲ್ಲಿ ಕೈಕೊಡುವುದು ಫೋನು: ಹೆಚ್ಚು ಬಿಸಿಯಾದಾಗ ಅದು ತಾನಾಗಿಯೇ ಮುದ್ರಣ ನಿಲ್ಲಿಸಬಹುದು, ಟೇಕ್‌ಗಳ ನಡುವೆ ಅದನ್ನು ನೆರಳಿನಲ್ಲಿಡಿ.

ಫೋನಿನಲ್ಲಿ ಚಿತ್ರೀಕರಿಸುವವರಿಗೆ ಇನ್ನೊಂದು ಎಚ್ಚರಿಕೆ. ಬಹಳಷ್ಟು ಫೋನ್‌ಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನು ಏರಿಳಿಸುತ್ತಿರುತ್ತವೆ. ಹಾಗೆ ತೆಗೆದ 4 ನಿಮಿಷದ ಟೇಕ್ ಕೆಲವು ಸಂಕಲನ ತಂತ್ರಾಂಶಗಳಲ್ಲಿ ಹಾಡಿನಿಂದ ಮೆಲ್ಲಗೆ ಜಾರಿಹೋಗುತ್ತದೆ. ಫ್ರೇಮ್ ದರವನ್ನು ಸ್ಥಿರವಾಗಿಡುವ ಆ್ಯಪ್ ಬಳಸಿ, ಇಲ್ಲವೇ ಸಂಕಲನಕ್ಕೆ ಮೊದಲು ಫೈಲುಗಳನ್ನು ಸ್ಥಿರ ದರಕ್ಕೆ ಪರಿವರ್ತಿಸಿಕೊಳ್ಳಿ.

ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಉರುಳುವುದನ್ನು ನೀವು ಕಂಡಿರಬಹುದು. ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಇರುವಲ್ಲಿ ದೀಪ ಸೆಕೆಂಡಿಗೆ 100 ಬಾರಿ ಮಿಣುಕುವುದರಿಂದ ಶಟರ್ ವೇಗವನ್ನು (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿ) ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಬೇಕು. 60 ಹರ್ಟ್ಸ್ ಇರುವಲ್ಲಿ 1/60 ಅಥವಾ 1/120. ಮಂದಗೊಳಿಸಿದ ಎಲ್‌ಇಡಿಗಳು ಈ ಲೆಕ್ಕಕ್ಕೂ ಬಗ್ಗದೆ ಹೋಗಬಹುದು, ಆದ್ದರಿಂದ ಸ್ಥಳ ನೋಡಲು ಹೋದ ದಿನವೇ ಅಲ್ಲಿನ ದೀಪಗಳ ಕೆಳಗೆ ಹತ್ತು ಸೆಕೆಂಡ್ ಮುದ್ರಿಸಿ ದೊಡ್ಡ ಪರದೆಯಲ್ಲಿ ನೋಡಿ.

ಹೆಜ್ಜೆ 7: ಜನ

ಕೈಕೊಡುವ ಗೆಳೆಯರ ಬಗ್ಗೆ ದೂರುವುದಕ್ಕಿಂತ ಅವರ ಮೇಲಿನ ಅವಲಂಬನೆಯನ್ನು ಕಡಿಮೆ ಮಾಡಿಕೊಳ್ಳುವುದು ಮೇಲು. ಎಂಟು ಜನ ನರ್ತಕರು ಬೇಕೆಂದು ಬರೆದಿದ್ದರೆ ಐದು ಜನರಿಗೂ ಹೊಂದುವ ವಿನ್ಯಾಸ ಒಂದಿರಲಿ. ಮುಖ್ಯ ಪಾತ್ರಧಾರಿಗಳು ಒಂದೇ ಫ್ರೇಮಿನಲ್ಲಿ ಇರಲೇಬೇಕಾದ ಶಾಟ್‌ಗಳು ಎಷ್ಟು ಎಂದು ಎಣಿಸಿ ನೋಡಿ. ಸಾಮಾನ್ಯವಾಗಿ ಅವು ಮೂರೋ ನಾಲ್ಕೋ ಇರುತ್ತವೆ, ಉಳಿದದ್ದನ್ನು ಬೇರೆಬೇರೆ ದಿನ ತೆಗೆದು ಜೋಡಿಸಬಹುದು. ಪರೀಕ್ಷೆಯ ದಿನಾಂಕಗಳು, ಕೂದಲು ಕತ್ತರಿಸಿಕೊಳ್ಳುವ ಯೋಚನೆ, ಊರಿಗೆ ಹೋಗುವ ಕಾರ್ಯಕ್ರಮ ಎಲ್ಲವನ್ನೂ ಕೇಳಿ ಬರೆದುಕೊಳ್ಳಿ. ಕ್ಯಾಮೆರಾ ನಡೆಸುವವರಿಗೂ ಒಬ್ಬ ಬದಲಿ ಇರಬೇಕು, ಅವರು ಅದೇ ಕ್ಯಾಮೆರಾವನ್ನು ಒಮ್ಮೆಯಾದರೂ ಬಳಸಿರಬೇಕು.

ಫ್ರೇಮಿನಲ್ಲಿ ಕಾಣುವ ಎಲ್ಲರಿಂದಲೂ ಸಹಿ ಮಾಡಿದ ಒಪ್ಪಿಗೆ ಪತ್ರ ಪಡೆಯಿರಿ. 18 ವರ್ಷಕ್ಕಿಂತ ಕಿರಿಯರಾಗಿದ್ದರೆ ಪೋಷಕರ ಸಹಿಯೂ ಬೇಕು. ಚಿತ್ರೀಕರಣಕ್ಕೆ ಮೊದಲೇ ಪಡೆಯಿರಿ, ಮುಗಿದ ಮೇಲೆ ಜನ ಚದುರುತ್ತಾರೆ.

ಹೆಜ್ಜೆ 8: ಅಪಾಯವಾಗದಂತೆ ನೋಡಿಕೊಳ್ಳುವುದು

ಇಲ್ಲಿ ರಾಜಿಯಿಲ್ಲ, ಅಂಕ ಕೊಡುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಲೈಟ್ ಸ್ಟ್ಯಾಂಡ್‌ಗಳ ಕಾಲಿನ ಮೇಲೆ ಮರಳು ಚೀಲ ಇರಲಿ, ನೆಲದ ಮೇಲಿನ ತಂತಿಗಳನ್ನು ಟೇಪಿನಿಂದ ಅಂಟಿಸಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ತಂತಿ ಹೆಚ್ಚಿನ ಭಾರ ಹೊತ್ತಾಗ ಬಿಸಿಯಾಗುತ್ತದೆ, ಪೂರ್ತಿ ಬಿಚ್ಚಿ ಹಾಸಿ. ಒಂದು ಬೋರ್ಡಿನ ಮೇಲೆ ಇನ್ನೊಂದು ಬೋರ್ಡನ್ನು ಸಿಕ್ಕಿಸಬೇಡಿ. ಹೊಗೆ ಯಂತ್ರ ಬಳಸುವುದಾದರೆ ಅದು ಕಟ್ಟಡದ ಬೆಂಕಿ ಎಚ್ಚರಿಕೆ ಗಂಟೆಯನ್ನು ಬಡಿಸಬಹುದು, ಉಬ್ಬಸ ಇರುವವರಿಗೆ ತೊಂದರೆ ಕೊಡಬಹುದು. ಕಟ್ಟಡದ ಹೊಣೆ ಹೊತ್ತವರನ್ನೂ ತಂಡದವರನ್ನೂ ಮೊದಲೇ ಕೇಳಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಹೊಳೆಯುವ ಬೆಳಕು ಕೆಲವರಲ್ಲಿ ಮೂರ್ಛೆ ಬರಿಸಬಲ್ಲದಾದ್ದರಿಂದ ಮಿಣುಕು ದೀಪದ ದೃಶ್ಯಗಳನ್ನು ಕೈಬಿಡುವುದೇ ನನ್ನ ಸಲಹೆ.

ಚಲಿಸುವ ವಾಹನದ ಮೇಲೆ, ರೈಲು ಹಳಿಯ ಮೇಲೆ, ಕಟ್ಟೆಯಿಲ್ಲದ ತಾರಸಿಯ ಅಂಚಿನಲ್ಲಿ ಚಿತ್ರೀಕರಣ ಬೇಡವೇ ಬೇಡ. ಆಟಿಕೆಯದಾದರೂ ಬಂದೂಕು ಫ್ರೇಮಿನಲ್ಲಿದ್ದರೆ ನೋಡಿದವರು ಪೊಲೀಸರನ್ನು ಕರೆಯಬಹುದು, ಆದ್ದರಿಂದ ಸಂಬಂಧಪಟ್ಟವರಿಗೆ ಮೊದಲೇ ತಿಳಿಸಿರಬೇಕು. ಯಾರು ಬೇಕಾದರೂ, ಅತ್ಯಂತ ಕಿರಿಯ ಸದಸ್ಯರೂ ಸಹ, ಅಪಾಯ ಕಂಡಾಗ ‘ನಿಲ್ಲಿಸಿ’ ಎಂದು ಕೂಗಬಹುದು, ಕೂಗಿದ ಕೂಡಲೇ ಎಲ್ಲರೂ ನಿಲ್ಲಬೇಕು ಎಂಬ ಮಾತನ್ನು ಬೆಳಿಗ್ಗೆ ಎಲ್ಲರೆದುರು ಹೇಳಿ.

ಹೆಜ್ಜೆ 9: ಪರೀಕ್ಷಾರ್ಥ ಚಿತ್ರೀಕರಣ ಮತ್ತು ದಿನದ ವೇಳಾಪಟ್ಟಿ

ಒಂದು ವಾರ ಮೊದಲು, ಹಾಡಿನ ಒಂದೇ ಚರಣವನ್ನು, ಅದೇ ಕ್ಯಾಮೆರಾ, ಅದೇ ಸ್ಪೀಕರ್, ಅದೇ ಕಾರ್ಡ್ ಬಳಸಿ ಚಿತ್ರೀಕರಿಸಿ, ಸಂಕಲನ ಮಾಡಿ, ಅಂತಿಮ ಫೈಲ್ ಹೊರತೆಗೆದು ನೋಡಿ. ಮೇಲೆ ಹೇಳಿದ ತಾಂತ್ರಿಕ ತೊಂದರೆಗಳಲ್ಲಿ ಹೆಚ್ಚಿನವು ಈ ಒಂದು ಸಂಜೆಯಲ್ಲೇ ಮುಖ ತೋರಿಸುತ್ತವೆ. ಸಮಯವಿಲ್ಲವೆಂದು ತಂಡಗಳು ಮೊದಲು ಕೈಬಿಡುವುದೂ ಇದನ್ನೇ.

ವೇಳಾಪಟ್ಟಿಯಲ್ಲಿ 1ರ ಗುರುತಿನ ಶಾಟ್‌ಗಳು ಬೆಳಗಿನಲ್ಲೇ ಬರಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ ಮೂರು ಪೂರ್ಣ ಟೇಕ್‌ಗಳು ಮುಗಿದಿರಲಿ. ಒಟ್ಟು ಸಮಯದ ಕಾಲು ಭಾಗವನ್ನು ಖಾಲಿ ಬಿಡಿ. ಅದನ್ನು ಕೊನೆಗೆ ಒಟ್ಟಾಗಿ ಇಡದೆ ಪ್ರತಿ ಸ್ಥಳ ಬದಲಾವಣೆಯ ನಂತರ ಹಂಚಿ. ಊಟವನ್ನು ಮುಂದೂಡಬೇಡಿ, ಹಸಿದ ತಂಡದ ಜಗಳಕ್ಕೆ ಯಾವ ಬದಲಿ ಯೋಜನೆಯೂ ಇಲ್ಲ. ಮೊದಲ ಟೇಕ್ ಆದ ಕೂಡಲೇ ಅದನ್ನು ಹೆಡ್‌ಫೋನ್ ಹಾಕಿ ಪೂರ್ತಿ ನೋಡಿ: ಫೋಕಸ್, ಧ್ವನಿ, ಫ್ರೇಮ್ ದರ, ಲೆನ್ಸಿನ ಮೇಲಿನ ಬೆರಳಚ್ಚು. ಆಮೇಲೆ ಪ್ರತಿ ಟೇಕನ್ನೂ ನೋಡುವ ಅಗತ್ಯವಿಲ್ಲ, ಕೊನೆಯ ಹತ್ತು ಸೆಕೆಂಡ್ ನೋಡಿದರೆ ಸಾಕು.

ಬಂದ ತೊಂದರೆಗಳನ್ನು, ತೆಗೆದುಕೊಂಡ ನಿರ್ಧಾರಗಳನ್ನು ಸಮಯ ಸಹಿತ ಒಬ್ಬರು ಗುರುತು ಹಾಕಿಕೊಳ್ಳಲಿ. ಮೌಲ್ಯಮಾಪನದ ವರದಿ ಬರೆಯುವಾಗ ಈ ಟಿಪ್ಪಣಿಗಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ಹೆಜ್ಜೆ 10: ಮನೆಗೆ ಹೋಗುವ ಮೊದಲು

ತುಂಬಿದ ಕಾರ್ಡನ್ನು ಖಾಲಿ ಕಾರ್ಡ್‌ಗಳಿರುವ ಡಬ್ಬಿಗೆ ಹಾಕಬೇಡಿ. ಅದಕ್ಕೆ ಬೇರೆ ಡಬ್ಬಿ, ಬೇರೆ ಜೇಬು. ಅದೇ ರಾತ್ರಿ ಎರಡು ಬೇರೆಬೇರೆ ಡ್ರೈವ್‌ಗಳಿಗೆ ಪ್ರತಿ ಮಾಡಿ, ಎರಡೂ ಡ್ರೈವ್‌ಗಳಿಂದ ಕೆಲವು ಫೈಲುಗಳನ್ನು ತೆರೆದು ಕೊನೆಯವರೆಗೆ ಓಡಿಸಿ ನೋಡಿ, ಒಂದು ಡ್ರೈವ್ ಬೇರೊಬ್ಬರ ಮನೆಯಲ್ಲಿರಲಿ. ಅಷ್ಟಾಗುವವರೆಗೆ ಕಾರ್ಡ್ ಅಳಿಸಬಾರದು. ಅಳಿಸುವುದಾದರೂ ಕಂಪ್ಯೂಟರಿನಲ್ಲಿ ಅಳಿಸದೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.

ಉಡುಪು, ಕನ್ನಡಕ, ಓಲೆ, ಪರದೆ ಯಾವುದನ್ನೂ ಕೂಡಲೇ ಹಿಂದಿರುಗಿಸಬೇಡಿ. ಕಲಾವಿದರ ಕೂದಲಿನ ವಿನ್ಯಾಸ, ತೋಳು ಎಷ್ಟು ಮಡಚಿತ್ತು ಎಂಬಂತಹ ವಿವರಗಳ ಫೋಟೊಗಳನ್ನು ಹೊರಡುವ ಮೊದಲೇ ತೆಗೆದಿಟ್ಟುಕೊಳ್ಳಿ. ಮೂರು ದಿನದೊಳಗೆ ಒಂದು ಒರಟು ಸಂಕಲನ ಮಾಡಿ, ಹಾಡಿನ ಉದ್ದಕ್ಕೂ ಎಲ್ಲಿ ಚಿತ್ರವಿಲ್ಲವೋ ಅಲ್ಲಿ ಕಪ್ಪು ಪರದೆಯನ್ನೇ ಬಿಡಿ. ಆ ಕಪ್ಪು ಜಾಗಗಳನ್ನು ಒಂದೊಂದಾಗಿ ಬರೆದರೆ ಮೀಸಲು ದಿನದ ಶಾಟ್ ಪಟ್ಟಿ ಸಿದ್ಧವಾದಂತೆ, ಅದು ನೀವು ಅಂದುಕೊಂಡಿದ್ದಕ್ಕಿಂತ ಚಿಕ್ಕದಾಗಿರುತ್ತದೆ. ಅರ್ಧ ದಿನ, ಮೂವರು ಜನ, ಒಂದು ಕ್ಯಾಮೆರಾ ಸಾಮಾನ್ಯವಾಗಿ ಅದಕ್ಕೆ ಸಾಕಾಗುತ್ತದೆ.